ಯಾರೂ ಎಳೆಯದ ಹಿಡಿಕೆ

ನಮ್ಮ ಮನೆಯ ಸಂಡಾಸಿನ ಟ್ಯಾಂಕಿಗೆ ಒಂದು ಹಿಡಿಕೆ ಇತ್ತು. ಪುಣೆಯ ಸದಾಶಿವ ಪೇಠದ ಆ ಮನೆಗೆ ಬಂದಂದಿನಿಂದ ನಮ್ಮಲ್ಲಿ ಯಾರೂ ಅದನ್ನು ಎಳೆದಿರಲಿಲ್ಲ. ನಾವು ವಿಜಾಪುರದ ಕಡೆಯವರು. ತಂಬಿಗೆ ನೀರಿನಲ್ಲಿ ಮುಗಿಯುವ ಕೆಲಸಕ್ಕೆ ಬಕೆಟ್ಟುಗಟ್ಟಲೆ ನೀರನ್ನು ಒಂದೇ ಸಲಕ್ಕೆ ಸುರಿದು ಹಾಕುವ ಯಂತ್ರವನ್ನು ಕಂಡರೆ ನನ್ನ ಅತ್ತೆಗೆ ಮೈಯೆಲ್ಲ ಉರಿ. ಬಂದ ದಿನವೇ ಹಳೆಯ ಸೀರೆಯ ಚೂರೊಂದನ್ನು ಆ ಹಿಡಿಕೆಗೆ ಬಿಗಿಯಾಗಿ ಸುತ್ತಿ, ಬಂದವರು ಹೋದವರು ಮರೆತೂ ಮುಟ್ಟದಂತೆ ಗಂಟು ಹಾಕಿದರು. "ಇದನ್ನ ಜಗ್ಗಬ್ಯಾಡ ತಂಗಿ. ಕುಡಿಯೋ ನೀರು ಹಿಂಗ ಚೆಲ್ಲಿದ್ರ ದೇವ್ರು ಮೆಚ್ಚೂದಿಲ್ಲ" ಎಂದರು. ನಾನೂ ಹೌದೆಂದೆ. ಆ ಟ್ಯಾಂಕೇ ಮುಂದೆ ನನ್ನ ಮೆಸ್ಸನ್ನು ನುಂಗಿತು. ಹೇಗೆಂದು ಹೇಳುತ್ತೇನೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಯಜಮಾನರು ಬೆಳಿಗ್ಗೆ ಲೋಕಲ್ ಗಾಡಿ ಹಿಡಿದು ದೇಹೂ ರೋಡಿನ ಕಡೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಮೆಸ್ಸು ನಡೆಸುತ್ತಿದ್ದೆ. ನಮ್ಮ ಓಣಿಯ ತುಂಬ ಕೋಚಿಂಗ್ ಕ್ಲಾಸುಗಳು. ಅಲ್ಲಿ ಓದಲು ಬಂದ ಹುಡುಗ ಹುಡುಗಿಯರು ಮಧ್ಯಾಹ್ನ, ರಾತ್ರಿ ನಮ್ಮಲ್ಲಿ ಚಾಪೆಯ ಮೇಲೆ ಕೂತು ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ ತಿಂದು ಹೋಗುತ್ತಿದ್ದರು. ಅರ್ಧ ಮಂದಿ ನಮ್ಮ ಕಡೆಯವರು, ಅರ್ಧ ಮಂದಿ ಮರಾಠಿಯವರು. ಎಲ್ಲರಿಗೂ ನಾನು 'ಕಾಕೂ', ಅಂದರೆ ಚಿಕ್ಕಮ್ಮ. ಯಜಮಾನರ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು, ಅದಕ್ಕೇನೂ ಕೊರತೆ ಇರಲಿಲ್ಲ. ಆದರೆ ಮದುವೆಯಾಗಿ ಬಂದ ಮೇಲೆ ಇದು ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ಆ ಮೆಸ್ಸೊಂದೇ. ನಾನು ರೊಟ್ಟಿ ಬಡಿಯುವ ಸದ್ದು ಕೆಳಗಿನ ರಸ್ತೆಗೆ ಕೇಳುತ್ತದೆ ಎಂದು ಹುಡುಗರು ಹೇಳಿದಾಗ ನನಗೆ ಹೆಮ್ಮೆಯಾಗುತ್ತಿತ್ತು.

ಹಳೆಯ ವಾಡೆಯೊಂದನ್ನು ಕೆಡವಿ ಕಟ್ಟಿದ ಮೂರು ಮಹಡಿಯ ಕಟ್ಟಡ ಅದು. ನಮ್ಮದು ನಡುವಿನ ಮಹಡಿ. ಕಾರ್ಪೊರೇಷನ್ ನೀರು ಬೆಳಿಗ್ಗೆ ಬಂದು ನೆಲದ ಟ್ಯಾಂಕಿಗೆ ಬೀಳುತ್ತಿತ್ತು. ಅಲ್ಲಿಂದ ಅದನ್ನು ಪಂಪು ಹಾಕಿ ತಾರಸಿಯ ಟ್ಯಾಂಕಿಗೆ ಏರಿಸುವವರು ಸೊಸೈಟಿಯ ಸೆಕ್ರೆಟರಿ. ಎಲ್ಲ ಮನೆಗಳ ನಲ್ಲಿಗೂ ಆ ಒಂದೇ ಟ್ಯಾಂಕು. ಮೊದಲೆಲ್ಲ ರಾತ್ರಿಯವರೆಗೆ ಬರುತ್ತಿದ್ದ ನೀರು ಆ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಮುಗಿಯತೊಡಗಿತು.

ಸೆಕ್ರೆಟರಿ ನೆಲಮಹಡಿಯವರು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಬೆಣ್ಣೆಯಂಥ ಮಾತು, ಎಂದೂ ದನಿ ಏರಿಸುವವರಲ್ಲ. ಊಟದ ಎರಡನೇ ಪಂಕ್ತಿ ಕೂತ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ವಹಿನಿ, ಪಾಣಿ ಸಂಪಲಂ."

ಅತ್ತಿಗೆ, ನೀರು ಮುಗಿಯಿತು ಎಂದು ಅಷ್ಟೇ. ಹೇಳಿ, ಉಣ್ಣುತ್ತ ಕೂತ ಹುಡುಗರ ಮೇಲೆ ಒಂದು ಸಲ ಕಣ್ಣಾಡಿಸಿ, ನಕ್ಕು ಹೋಗುತ್ತಿದ್ದರು. ಆ ನಗೆಯಲ್ಲಿ ಎಲ್ಲವೂ ಇರುತ್ತಿತ್ತು. ಮೇಲಿನ ಮನೆಯ ಹೆಂಗಸರು ನಾನು ಎದುರಾದರೆ ಮೆಟ್ಟಿಲ ಮೇಲೆ ಮಾತು ನಿಲ್ಲಿಸುವುದು ಶುರುವಾಯಿತು.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಏಕೆಂದರೆ, ಆ ಕಟ್ಟಡದಲ್ಲಿ ನೀರನ್ನು ನಮ್ಮಷ್ಟು ಹಿಡಿದು ಬಳಸುವವರು ಇನ್ನೊಬ್ಬರಿರಲಿಲ್ಲ. ಮೆಸ್ಸಿನ ಅಡಿಗೆಗೆ, ಕುಡಿಯಲು ಬೇಕಾದ ನೀರನ್ನು ಬೆಳಿಗ್ಗೆ ಕಾರ್ಪೊರೇಷನ್ ನೀರು ನೇರ ಬರುವ ಅಂಗಳದ ನಲ್ಲಿಯಿಂದಲೇ ಕೊಡದಲ್ಲಿ ಹೊತ್ತು ತಂದು ಡ್ರಮ್ಮು ತುಂಬಿಸುತ್ತಿದ್ದೆ. ತಾಟು ತೊಳೆಯಲು ಮೂರು ಟಬ್ಬು. ಮಧ್ಯಾಹ್ನದ ಕೊನೆಯ ಟಬ್ಬಿನ ನೀರು ರಾತ್ರಿಗೆ ಮೊದಲನೆಯದಾಗುತ್ತಿತ್ತು. ಮೊದಲ ಟಬ್ಬಿನ ಕೊಳೆ ನೀರಿನಲ್ಲಿ ಅತ್ತೆ ಮೆಟ್ಟಿಲು ತೊಳೆಯುತ್ತಿದ್ದರು, ಸೆಕ್ರೆಟರಿಯ ಬಾಗಿಲ ಮುಂದಿನ ಮೆಟ್ಟಿಲೂ ಸೇರಿ. ಅತ್ತ ಅವರ ಮನೆಯಲ್ಲಿ ಮಗನ ಸ್ಕೂಟರಿಗೆ ದಿನಾ ಪೈಪು ಹಿಡಿದು ಸ್ನಾನ. ಆದರೆ ಕಣ್ಣಿಗೆ ಕಾಣುವುದು ನಮ್ಮ ಬಾಗಿಲ ಹೊರಗಿನ ಚಪ್ಪಲಿಗಳ ರಾಶಿ. ಇಷ್ಟು ಚಪ್ಪಲಿ ಇದ್ದ ಮೇಲೆ ನೀರು ಇಲ್ಲೇ ಹೋಗುತ್ತಿರಬೇಕು ಎಂಬುದು ಅವರ ಲೆಕ್ಕ.

ಒಂದು ಮಧ್ಯಾಹ್ನ ಅವರು ಒಳಗೆ ಬಂದು ಕೂತರು. ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ರಾಗಾವೂ ನಕಾ ವಹಿನಿ, ಸಿಟ್ಟಾಗಬೇಡಿ. ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ಆದರೆ ಇದು ಸಂಸಾರಸ್ಥರ ಕಟ್ಟಡ. ಮುಂದಿನ ಮೀಟಿಂಗಿನಲ್ಲಿ ಮೆಸ್ಸಿನ ವಿಷಯ ತೆಗೆಯಬೇಕು ಅಂತ ಎಲ್ಲರೂ ಹೇಳುತ್ತಿದ್ದಾರೆ."

"ನೀರು ಎಲ್ಲೋ ಸೋರುತ್ತಿರಬೇಕು" ಎಂದೆ.

"ಹುಡುಕಿ. ಸೋರುತ್ತಿದ್ದರೆ ಹುಡುಕಿ" ಎಂದು ಎದ್ದರು.

ಹುಡುಕಿದೆ. ಮೊದಲು ತಾರಸಿಗೆ ಹತ್ತಿ, ಕಬ್ಬಿಣದ ಏಣಿ ಏರಿ, ಟ್ಯಾಂಕಿನ ಮುಚ್ಚಳ ಸರಿಸಿ ಒಂದು ಬಿದಿರುಗೋಲು ಇಳಿಬಿಟ್ಟೆ. ನೀರು ನಿಂತ ಮಟ್ಟಕ್ಕೆ ಗೋಲಿನ ಮೇಲೆ ಇದ್ದಿಲಿನಿಂದ ಗೆರೆ ಹಾಕಿದೆ. ರೊಟ್ಟಿ ಬಡಿಯುತ್ತ ಬಡಿಯುತ್ತ ನಡುವೆ ಎದ್ದು ಓಡಿ ಮತ್ತೆ ಅಳೆದೆ. ಯಾರ ಮನೆಯಲ್ಲೂ ಬಟ್ಟೆ ಒಗೆಯದ, ಪಾತ್ರೆ ತೊಳೆಯದ ಹೊತ್ತಿನಲ್ಲೂ ಗೆರೆ ಕೆಳಗಿಳಿಯುತ್ತಿತ್ತು. ಟ್ಯಾಂಕಿನ ಹೊರಮೈ ಒಣಗಿತ್ತು, ಇಳಿದು ಬರುವ ಪೈಪುಗಳ ಕೀಲುಗಳೂ ಒಣಗಿದ್ದವು. ಅಂದರೆ ನೀರು ಯಾವುದೋ ಮನೆಯೊಳಗೆ ಹೋಗಿ, ಯಾರಿಗೂ ಕಾಣದಂತೆ ಮೋರಿ ಸೇರುತ್ತಿತ್ತು.

ಬೇರೆಯವರ ಮನೆಗೆ ಹೋಗಿ ನಲ್ಲಿ ನೋಡುತ್ತೇನೆ ಎನ್ನಲು ನನಗೆ ಬಾಯಿಲ್ಲ. ನಮ್ಮ ಮನೆಯಿಂದಲೇ ಶುರು ಮಾಡಿದೆ. ಪ್ಲಂಬರನ್ನು ಕರೆಸಿದೆ. ಅವನು ಅಡಿಗೆಮನೆಯ ನಲ್ಲಿಗೆ ಹೊಸ ವಾಶರ್ ಹಾಕಿದ, ಬಚ್ಚಲಿನ ನಲ್ಲಿಗೂ ಹಾಕಿದ. ಸಂಡಾಸಿಗೆ ಹೋಗಿ ಟ್ಯಾಂಕನ್ನೂ ಹಿಡಿಕೆಗೆ ಕಟ್ಟಿದ ಸೀರೆ ಚೂರನ್ನೂ ನೋಡಿದ. ಫ್ಲಶ್ ಬಳಸುತ್ತೀರಾ ಎಂದು ಮರಾಠಿಯಲ್ಲಿ ಕೇಳಿದ.

ಅತ್ತೆ ಹಿಂದಿನಿಂದಲೇ ಕೂಗಿದರು: "ನಾವದನ್ನ ಮುಟ್ಟೂದೇ ಇಲ್ಲಪ್ಪಾ! ಹೇಳ ಅಂವಗ."

ಹೇಳಿದೆ. ಬಳಸದೇ ಇದ್ದ ಮೇಲೆ ಅದರ ಮಾತೇನು ಎಂದು ಅವನು ಹೊರಬಂದ. ನನಗೂ ಅದು ಸರಿಯೆಂದೇ ತೋರಿತು. ಒಲೆ ಹಚ್ಚದಿದ್ದರೆ ಕಟ್ಟಿಗೆ ಉಳಿಯುತ್ತದೆ, ದೀಪ ಹಚ್ಚದಿದ್ದರೆ ಎಣ್ಣೆ ಉಳಿಯುತ್ತದೆ ಎಂದು ತಿಳಿದು ಬೆಳೆದವರು ನಾವು. ಮುಟ್ಟದ ವಸ್ತುವೂ ತನ್ನಷ್ಟಕ್ಕೆ ಖರ್ಚು ಮಾಡುತ್ತ ಕೂತಿರಬಹುದೆಂದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ವಾಶರ್ ಹಾಕಿಸಿದರೂ ಗೆರೆ ಇಳಿಯುತ್ತಲೇ ಇತ್ತು, ಸೆಕ್ರೆಟರಿ ಬಾಗಿಲಿಗೆ ಬರುತ್ತಲೇ ಇದ್ದರು. ಕೊನೆಗೆ ರೋಸಿಹೋಗಿ ಅವರ ಮನೆಗೆ ನಾನೇ ಹೋದೆ.

"ಒಂದು ವಾರ ಮೆಸ್ಸು ಮುಚ್ಚುತ್ತೇನೆ" ಎಂದೆ. "ಮುಚ್ಚಿದ ಮೇಲೂ ನೀರು ಹೋದರೆ, ನೀರು ಕುಡಿಯುತ್ತಿರುವುದು ನನ್ನ ಮೆಸ್ಸಲ್ಲ ಎಂದು ನೀವು ಮೀಟಿಂಗಿನಲ್ಲಿ ಹೇಳಬೇಕು."

ಅವರಿಗೆ ಖುಷಿಯಾಯಿತು. "ಇದು ನ್ಯಾಯದ ಮಾತು" ಎಂದರು.

ರಾತ್ರಿ ಯಜಮಾನರಿಗೆ ಹೇಳಿದಾಗ ಅವರು ಊಟದ ಕೈ ನಿಲ್ಲಿಸಿದರು. "ಅಲ್ಲ, ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬಂದೆಲ್ಲ ನೀ. ಮುಚ್ಚೂದು ಸಸಾರ. ತಗಿಯೂದು ಕಷ್ಟ ಐತಿ."

"ನನ್ನ ತಪ್ಪಿಲ್ಲಂತ ಗೊತ್ತಾದ್ರ ಸಾಕ್ರಿ" ಎಂದೆ. ಅಷ್ಟು ಭೋಳೆ ಇದ್ದೆ ನಾನು.

ಹುಡುಗರಿಗೆ ಒಂದು ವಾರ ಬೇರೆ ಕಡೆ ಉಣ್ಣಿ ಎಂದೆ. ಮೂಲೆಯಲ್ಲಿ ನಮ್ಮ ಕರಾವಳಿಯವರದ್ದೇ ಒಂದು ಹೋಟೆಲಿತ್ತು, ಅಲ್ಲಿಗೆ ಹೋದರು. ಮೊದಲ ದಿನ ಮೆಸ್ಸಿನ ಒಲೆ ಹಚ್ಚಲಿಲ್ಲ, ಮನೆಯ ಮೂವರಿಗೆ ಬೇಕಾದಷ್ಟೇ ಬೇಯಿಸಿದೆ. ಮಧ್ಯಾಹ್ನ ತಾರಸಿಗೆ ಹೋಗಿ ಗೋಲು ಇಳಿಬಿಟ್ಟರೆ ತಳ ತಾಕಿತು. ಟ್ಯಾಂಕು ಖಾಲಿ! ಬೇಸಿಗೆಯಲ್ಲಿ ನೀರು ಮುಗಿದದ್ದಕ್ಕೆ ಕುಣಿಯುವಷ್ಟು ಸಂತೋಷಪಟ್ಟವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು. ಓಡಿ ಹೋಗಿ ಸೆಕ್ರೆಟರಿಯನ್ನು ಕರೆತಂದೆ. ಅವರು ಏಣಿ ಹತ್ತಿ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡರು.

"ಇವತ್ತು ಸೋಮವಾರ. ಎಲ್ಲರೂ ಬಟ್ಟೆ ಒಗೆದಿರುತ್ತಾರೆ. ಒಂದು ದಿನದಿಂದ ಏನು ತಿಳಿಯುತ್ತದೆ ವಹಿನಿ? ವಾರ ಅಂದಿದ್ದೀರಿ, ವಾರ ನೋಡೋಣ."

ಮರುದಿನ ಬೆಳಿಗ್ಗೆ ಅವರ ಮನೆಯವರೆಲ್ಲ ಪಂಪು ಹಾಕಿ ಟ್ಯಾಂಕು ತುಂಬಿಸಿಟ್ಟು ಜೇಜುರಿಗೆ ಖಂಡೋಬನ ದರ್ಶನಕ್ಕೆ ಹೋದರು. ನಾನು ಮುಂದಿನ ಕೋಣೆಯಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತ ಕೂತಿದ್ದೆ. ಮಾಡಲು ಬೇರೆ ಕೆಲಸವಿರಲಿಲ್ಲ. ಬೇರೆ ದಿನ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ಸ್ಟವ್ವಿನ ಸದ್ದು, ರೊಟ್ಟಿಯ ಸದ್ದು, ಮಿಕ್ಸರಿನ ಸದ್ದು. ಅಂದು ಮನೆ ಗಪ್ಪಾಗಿತ್ತು. ಅದರೊಳಗೆ ಸಣ್ಣಗೆ ಸೀ ಎನ್ನುವ ಒಂದು ದನಿ ಕೇಳಿತು.

ಅಡಿಗೆಮನೆಯ ನಲ್ಲಿ ನೋಡಿದೆ, ಬಿಗಿಯಾಗಿತ್ತು. ಬಚ್ಚಲಿನದೂ ಬಿಗಿಯಾಗಿತ್ತು. ಗೋಡೆಯ ಪೈಪಿಗೆ ಕಿವಿ ಹಚ್ಚಿಕೊಂಡು ಹೋದಂತೆ ದನಿ ದೊಡ್ಡದಾಯಿತು. ಸಂಡಾಸಿನ ಬಾಗಿಲು ತೆಗೆದರೆ ಅಲ್ಲಿ ಇನ್ನೂ ಸ್ಪಷ್ಟ. ಸ್ಟೂಲು ಹಾಕಿಕೊಂಡು ಹತ್ತಿ ಆ ಟ್ಯಾಂಕಿನ ಮುಚ್ಚಳವನ್ನು ಎತ್ತಿದೆ. ನಾವು ಬಂದ ಮೇಲೆ ಅದರ ಒಳಗೆ ಕಣ್ಣು ಹಾಯಿಸಿದ್ದು ಅದೇ ಮೊದಲು.

ಒಳಗೆ ಒಂದು ಕಡ್ಡಿಯ ತುದಿಯಲ್ಲಿ ಪ್ಲಾಸ್ಟಿಕ್ ಚೆಂಡು ತೇಲುತ್ತಿತ್ತು. ನೀರು ತುಂಬಿ ಚೆಂಡು ಮೇಲೆ ಬಂದರೆ ಕಡ್ಡಿ ಒತ್ತಿ ಒಳಗಿನ ನಲ್ಲಿ ಮುಚ್ಚಬೇಕು. ಆದರೆ ಚೆಂಡು ಅರ್ಧದಲ್ಲೇ ನಿಂತಿತ್ತು, ನಲ್ಲಿಯಿಂದ ಬೆಂಕಿಕಡ್ಡಿಯ ದಪ್ಪ ನೀರು ಒಂದೇ ಸಮನೆ ಬೀಳುತ್ತಿತ್ತು. ಎಷ್ಟು ಹೊತ್ತು ನೋಡಿದರೂ ಮಟ್ಟ ಏರಲಿಲ್ಲ. ಬಿದ್ದಷ್ಟೂ ಎಲ್ಲಿಗೋ ಹೋಗುತ್ತಿತ್ತು, ಹಗಲೂ ರಾತ್ರಿಯೂ.

ಎಲ್ಲಿಗೆ? ಕೆಳಗೆ ಪ್ಯಾನಿನ ಹಿಂಬದಿ ಒದ್ದೆಯಾಗಿತ್ತು. ಅದು ಯಾವಾಗಲೂ ಒದ್ದೆ, ನಾವು ತಂಬಿಗೆಯಿಂದ ಹಾಕಿದ ನೀರೆಂದೇ ತಿಳಿದಿದ್ದೆವು. ಆದರೆ ಗೋಡೆಯೊಳಗಿನ ಪೈಪು ಒಡೆದಿದ್ದರೂ ಅಲ್ಲಿಗೇ ಬರಬಹುದು. ಹಾಗಿದ್ದರೆ ಗೋಡೆ ಒಡೆಯಬೇಕು. ನೀರು ಟ್ಯಾಂಕಿನದೇ ಎಂದು ಖಾತ್ರಿಯಾಗಬೇಕಿತ್ತು. ಬಣ್ಣ ಹಾಕಿ ನೋಡೋಣ ಎನಿಸಿತು. ಮೆಸ್ಸಿನವಳ ಮನೆಯಲ್ಲಿ ಬಣ್ಣಕ್ಕೇನು ಬರ? ಬಿಸಿನೀರಿನಲ್ಲಿ ಹಿಡಿ ಅರಿಶಿನ ಕದಡಿದೆ.

ಅತ್ತೆ ಬಾಗಿಲಲ್ಲೇ ಹೌಹಾರಿದರು. "ಅಯ್ಯ ನಮ್ಮವ್ವಾ! ಅರಿಶಿಣ ತಗೊಂಡು ಸಂಡಾಸಕ್ಕ ಹೊಂಟೀಯಲ್ಲ, ತಲಿ ನೆಟ್ಟಗದ ಇಲ್ಲ?"

"ಇದು ಅಡಿಗಿ ಮನೀದು ಅತ್ತಿ, ದೇವರದಲ್ಲ."

ಪ್ಯಾನಿನ ಹಿಂಬದಿಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಯಜಮಾನರ ಹಳೆಯ ಧೋತರದ ಬಿಳಿ ಚೂರನ್ನು ಅಲ್ಲಿ ಹಾಸಿ, ಟ್ಯಾಂಕಿಗೆ ಅರಿಶಿನ ಸುರಿದು ಕೋಲಿನಿಂದ ಕಲಕಿದೆ. ಸ್ಟೂಲಿನಿಂದ ಇಳಿದು ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಬಿಳಿ ಚೂರಿನ ಅಂಚು ಮೊದಲು ಒದ್ದೆಯಾಯಿತು. ಆಮೇಲೆ ಹಳದಿಯಾಯಿತು. ನೋಡ ನೋಡುತ್ತ ಇಡೀ ಚೂರು ಹಳದಿ. ನನ್ನ ಮೆಸ್ಸಿನ ಹೆಸರು ಕೆಡಿಸಿದ ಕಳ್ಳ ನನ್ನ ಮನೆಯಲ್ಲೇ, ನನ್ನ ತಲೆಯ ಮೇಲೆಯೇ ಕೂತಿದ್ದ. ಆ ಕ್ಷಣ ನನಗೆ ಅಳುವೂ ಬಂತು, ನಗುವೂ ಬಂತು.

ಈಗ ನಾನೊಂದು ಕೆಲಸ ಮಾಡಬೇಕಿತ್ತು. ಹಾಗೇ ಬಿಟ್ಟು, ಸೆಕ್ರೆಟರಿ ಜೇಜುರಿಯಿಂದ ಬರುವವರೆಗೆ ಕಾದು, ಸೋರುವ ಟ್ಯಾಂಕನ್ನು ಸೋರುತ್ತಿರುವಾಗಲೇ ಅವರ ಕಣ್ಣಿಗೆ ತೋರಿಸಬೇಕಿತ್ತು. ಮೇಲಿನ ಮನೆಯವರನ್ನಾದರೂ ಕರೆಯಬಹುದಿತ್ತು. ಬೇರೆ ಊರಿನವರು ಯಾರಾದರೂ ಹಾಗೇ ಮಾಡುತ್ತಿದ್ದರು.

ಆದರೆ ಅತ್ತೆ ಹಿಂದೆ ನಿಂತು ಒಂದೇ ಮಾತು ಶುರು ಮಾಡಿದ್ದರು: "ನಿಂದರಸು ತಂಗಿ, ಮೊದ್ಲು ನಿಂದರಸು. ನೀರು ಹರೀಲಿಕ್ಕತ್ತದ." ಅವರು ಹೇಳದಿದ್ದರೂ ನಾನು ನಿಲ್ಲಿಸುತ್ತಿದ್ದೆ. ಕೊಡ ಒಡೆದು ನೀರು ಹರಿಯುವಾಗ ಒಡೆದವರು ಯಾರೆಂದು ಕೇಳುತ್ತ ನಿಂತವರನ್ನು ನಾನು ನಮ್ಮ ಊರಿನಲ್ಲಿ ನೋಡಿಲ್ಲ. ಮೊದಲು ಅಂಗೈ ಒಡ್ಡುತ್ತಾರೆ. ನಾನೂ ಅದನ್ನೇ ಮಾಡಿದೆ.

ಟ್ಯಾಂಕಿಗೆ ಬರುವ ಪೈಪನ್ನು ಮುಚ್ಚುವ ಕಾಕ್ ತಿರುಗಿಸಲು ಹೋದರೆ ಅದು ಜಪ್ಪಯ್ಯ ಎನ್ನಲಿಲ್ಲ, ಎಷ್ಟು ವರ್ಷದಿಂದ ತಿರುಗಿಲ್ಲವೋ. ಸೀಮೆಎಣ್ಣೆ ಹಚ್ಚಿದೆ, ಬಟ್ಟೆ ಸುತ್ತಿ ತಿರುವಿದೆ, ಅಂಗೈ ಕಿತ್ತುಬಂತು. ಕೊನೆಗೆ ಟ್ಯಾಂಕಿನ ಬಾಯಿಗೆ ಅಡ್ಡಲಾಗಿ ಚಪಾತಿಯ ಲಟ್ಟಣಿಗೆ ಇಟ್ಟು, ಚೆಂಡಿನ ಕಡ್ಡಿಯನ್ನು ಸುತಳಿಯಿಂದ ಅದಕ್ಕೆ ಎತ್ತಿ ಕಟ್ಟಿದೆ. ನಲ್ಲಿ ಮುಚ್ಚಿಕೊಂಡಿತು. ಸೀ ಎನ್ನುವ ದನಿ ನಿಂತಿತು. ಒಳಗಿನ ನೀರನ್ನು ತಂಬಿಗೆಯಿಂದ ಬಕೆಟ್ಟಿಗೆ ತೋಡಿದೆ, ಹಳದಿಯಾದರೇನು, ನೆಲ ಒರೆಸಲು ಬರುತ್ತದೆ.

ಟ್ಯಾಂಕಿನ ತಳದಲ್ಲಿ ಒಂದು ತೂತು, ಅದರ ಮೇಲೆ ಕೂರುವ ರಬ್ಬರ್ ಬಿಲ್ಲೆ. ಹಿಡಿಕೆ ಎಳೆದರೆ ಬಿಲ್ಲೆ ಎದ್ದು ನೀರು ಕೆಳಗೆ ಹೋಗಬೇಕು, ಬಿಟ್ಟರೆ ಮತ್ತೆ ಕೂರಬೇಕು. ವರ್ಷಗಟ್ಟಲೆ ಎದ್ದೇ ಇಲ್ಲದ ಆ ಬಿಲ್ಲೆ ಕೂತಲ್ಲೇ ಕಟ್ಟಿಗೆಯಂತೆ ಬಿರುಸಾಗಿ, ಒಂದು ಅಂಚು ಮೇಲಕ್ಕೆ ಸುರುಟಿಕೊಂಡಿತ್ತು. ತೂತಿನ ಸುತ್ತ ಸುಣ್ಣದಂಥ ಬಿಳಿ ಪದರ ಕಟ್ಟಿತ್ತು. ಆಗಾಗ ಎಳೆಯುತ್ತಿದ್ದರೆ ಅದು ಹೀಗೆ ಆಗುತ್ತಿರಲಿಲ್ಲವೇನೋ. ನೀರು ಉಳಿಸಲು ಕಟ್ಟಿದ ಸೀರೆ ಚೂರೇ ನೀರು ಕಳೆದಿತ್ತು. ಇದನ್ನು ಅತ್ತೆಗೆ ನಾನು ಹೇಳಲಿಲ್ಲ, ಹೇಳಿದ್ದರೆ ಆ ಜೀವ ಊಟ ಬಿಡುತ್ತಿತ್ತು.

ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಚ್ಚಿ ಆ ಬಿಳಿ ಪದರವನ್ನು ನೆನೆಸಿಟ್ಟು, ಬಿಲ್ಲೆ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬಿಲ್ಲೆ ಒಂದೇ ಸಿಗುವುದಿಲ್ಲ, ಇಡೀ ಟ್ಯಾಂಕು ಬದಲಿಸಿ ಎಂದ. ಇನ್ನೊಂದು ಅಂಗಡಿಯವನೂ ಹಾಗೇ ಎಂದ. ಮನೆಗೆ ಬಂದು, ಯಜಮಾನರು ಎಸೆಯದೆ ಇಟ್ಟಿದ್ದ ಸೈಕಲ್ಲಿನ ಹಳೆಯ ಟ್ಯೂಬನ್ನು ಸೀಳಿ, ಬಿಲ್ಲೆಯನ್ನು ಅದರ ಮೇಲೆ ಇಟ್ಟು ಬ್ಲೇಡಿನಿಂದ ಸುತ್ತ ಕತ್ತರಿಸಿದೆ.

ಸಂಜೆ ಸೆಕ್ರೆಟರಿ ಬಂದ ಸದ್ದು ಕೇಳಿ ಕೆಳಗೆ ಓಡಿದೆ. ಅವರ ಹಣೆಯ ತುಂಬ ಖಂಡೋಬನ ಭಂಡಾರದ ಅರಿಶಿನ, ಕೈಯಲ್ಲಿ ಪ್ರಸಾದದ ಪೊಟ್ಟಣ.

"ಸಿಕ್ಕಿತು! ನಮ್ಮ ಸಂಡಾಸಿನ ಟ್ಯಾಂಕು ಸೋರುತ್ತಿತ್ತು. ಬಂದು ನೋಡಿ, ಎಲ್ಲ ಬಿಚ್ಚಿಟ್ಟಿದ್ದೇನೆ."

ಅವರು ನಕ್ಕರು. "ದೇವರ ಹತ್ತಿರದಿಂದ ಈಗ ಬಂದಿದ್ದೇನೆ ವಹಿನಿ. ಬಂದವನೇ ಸಂಡಾಸು ನೋಡಲೇ? ತೊಗೊಳ್ಳಿ, ಪ್ರಸಾದ."

ಪ್ರಸಾದ ಕಣ್ಣಿಗೊತ್ತಿಕೊಂಡು ಮೇಲೆ ಬಂದೆ. ಅದು ಅವರ ಕುಹಕವಲ್ಲ, ಅವರ ಜಾಗದಲ್ಲಿ ನನ್ನ ಅತ್ತೆಯೂ ಅದನ್ನೇ ಹೇಳುತ್ತಿದ್ದರು. ಆದರೆ ಅವರು ಮರುದಿನವೂ ಬರಲಿಲ್ಲ.

ಟ್ಯೂಬಿನ ಬಿಲ್ಲೆ ಹಾಕಿ, ಸುತಳಿ ಬಿಚ್ಚಿ, ಟ್ಯಾಂಕು ತುಂಬಲು ಬಿಟ್ಟೆ. ಮತ್ತೆ ಅರಿಶಿನ, ಮತ್ತೆ ಬಿಳಿ ಚೂರು. ಅಂಚು ಹಳದಿಯಾಯಿತು. ರಬ್ಬರು ತೆಳುವಾಗಿ ಮುದುರಿಕೊಂಡಿತ್ತು. ಮತ್ತೆ ಕಟ್ಟಿದೆ, ತೋಡಿದೆ, ಬಿಚ್ಚಿದೆ. ನಡ ಮುರಿದು ಬಂತು. ಈ ಸಲ ಎರಡು ಬಿಲ್ಲೆ ಕತ್ತರಿಸಿ ಓಣಿಯ ಪಂಕ್ಚರ್ ಅಂಗಡಿಗೆ ಒಯ್ದು, ಒಂದರ ಮೇಲೊಂದು ಸೊಲ್ಯೂಷನ್ ಹಚ್ಚಿ ಅಂಟಿಸಿಕೊಡು ಎಂದೆ. ಯಾವ ಗಾಡಿಯದು ಎಂದು ಅವನು ಕೇಳಿದ. ಸಂಡಾಸಿನದು ಎಂದೆ. ಮುಖ ಸಿಂಡರಿಸಿದರೂ ಚೆನ್ನಾಗಿ ಒತ್ತಿ ಕೊಟ್ಟ.

ಅದು ಸರಿಯಾಗಿ ಎದ್ದು ಕೂರುತ್ತದೆಯೋ ಎಂದು ನೋಡಲು ಹಿಡಿಕೆ ಎಳೆಯಲೇಬೇಕಿತ್ತು. ಸೀರೆ ಚೂರಿನ ಗಂಟನ್ನು ನಾನೇ ಬಿಚ್ಚಿದೆ. ಅತ್ತೆ ಆ ಕಡೆ ಮುಖ ಮಾಡಿ ನಿಂತರು. ಎಳೆದೆ. ಧಡಲ್ ಎಂದು ನೀರು ಇಳಿದು ಸುತ್ತಿ ಹೋಯಿತು. "ಹೋತಲ್ಲಾ, ಅಷ್ಟೂ ಹೋತು" ಎಂದು ಅತ್ತೆ ಗೋಡೆಗೆ ಹೇಳಿದರು. ಟ್ಯಾಂಕು ಮತ್ತೆ ತುಂಬಿತು, ಚೆಂಡು ಮೇಲೆ ಬಂತು, ನಲ್ಲಿ ತಾನಾಗಿ ಮುಚ್ಚಿತು. ಅರಿಶಿನ ಹಾಕಿ ಮಧ್ಯಾಹ್ನದವರೆಗೆ ಬಿಟ್ಟೆ. ಧೋತರದ ಚೂರು ಬಿಳಿಯಾಗಿಯೇ ಉಳಿಯಿತು.

ಅಂದಿನಿಂದ ತಾರಸಿಯ ಟ್ಯಾಂಕಿನಲ್ಲಿ ರಾತ್ರಿಯವರೆಗೆ ನೀರು ನಿಂತಿತು. ನಾನು ಮೆಸ್ಸಿಗೆ ಹಿಟ್ಟು ಕಲಸುವ ದೊಡ್ಡ ಪರಾತ ತೊಳೆದು, ಹೊಸ ಜೋಳ ಬೀಸಿಸಿ, ಹುಡುಗರಿಗೆ ಸೋಮವಾರ ಬನ್ನಿ ಎಂದು ಹೇಳಿ ಕಳಿಸಿದೆ. ವಾರದ ಕೊನೆಗೆ ಸೆಕ್ರೆಟರಿ ಮುಖ ಅರಳಿಸಿಕೊಂಡು ಬಂದರು.

"ನೋಡಿದಿರಾ ವಹಿನಿ? ಮೆಸ್ಸು ಮುಚ್ಚಿದಿರಿ, ನೀರು ಬಂತು. ನಿಮ್ಮ ಕೈಯಿಂದಲೇ ಪರೀಕ್ಷೆ ಆಯಿತು, ನಾವು ಏನೂ ಹೇಳಬೇಕಾಗಲಿಲ್ಲ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಅವರು ನನ್ನ ರಿಪೇರಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ. "ನೀರು ನಿಂತದ್ದು ಟ್ಯಾಂಕು ರಿಪೇರಿ ಮಾಡಿದ್ದಕ್ಕೆ" ಎಂದೆ. "ಮೆಸ್ಸು ಮುಚ್ಚಿದ ಮೊದಲ ದಿನವೂ ನೀರು ಖಾಲಿಯಾಗಿತ್ತು. ನೀವೇ ಏಣಿ ಹತ್ತಿ ನೋಡಿದ್ದೀರಿ."

"ಅದು ಸೋಮವಾರ."

"ನಿಮಗೆ ಹೇಳಿದ್ದೆನಲ್ಲ, ನಮ್ಮ ಟ್ಯಾಂಕು ಸೋರುತ್ತಿತ್ತು ಎಂದು."

"ಹಾಗಾದರೆ ನೀರು ಹೋಗುತ್ತಿದ್ದದ್ದು ನಿಮ್ಮ ಮನೆಯಿಂದಲೇ ಅಂದ ಹಾಗಾಯಿತು" ಎಂದರು, ಮಕ್ಕಳಿಗೆ ಲೆಕ್ಕದ ಉತ್ತರ ತೋರಿಸುವ ಹಾಗೆ ಮೆಲ್ಲಗೆ. "ನಾವು ಹೇಳುತ್ತಿದ್ದದ್ದೂ ಅದನ್ನೇ ಅಲ್ಲವೇ?"

ಮೀಟಿಂಗಿಗೆ ನಾನು ಆ ಬಿರುಸಾದ ಬಿಲ್ಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದೆ. ಎಲ್ಲರ ಮುಂದೆ ಬಿಚ್ಚಿ ತೋರಿಸಿದೆ. ಮೇಲಿನ ಮನೆಯ ಹೆಂಗಸರು ಮೂಗಿಗೆ ಸೆರಗು ಹಿಡಿದರು. "ಬೇಕಾದರೆ ಇದನ್ನು ಮತ್ತೆ ಹಾಕುತ್ತೇನೆ" ಎಂದೆ. "ಮೆಸ್ಸು ಮುಚ್ಚಿಯೇ ಇರಲಿ. ಒಂದು ದಿನ ಸೋರಲಿ. ಮಧ್ಯಾಹ್ನ ಎಲ್ಲರೂ ತಾರಸಿಗೆ ಬಂದು ನೋಡಿ."

ಸೆಕ್ರೆಟರಿ ನಿಜವಾಗಿ ನೊಂದವರಂತೆ ನನ್ನತ್ತ ನೋಡಿದರು. "ಇಂಥ ಬೇಸಿಗೆಯಲ್ಲಿ ಬೇಕೆಂದೇ ನೀರು ಹಾಳು ಮಾಡುವುದೇ ವಹಿನಿ? ನಿಮ್ಮ ಬಾಯಲ್ಲಿ ಈ ಮಾತು ಬರಬಾರದಿತ್ತು."

ಬಿಲ್ಲೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ. ಅವರು ಹೇಳಿದ್ದು ನನಗೂ ಸರಿಯೆಂದೇ ಅನ್ನಿಸಿತು ನೋಡಿ, ಅದೇ ನನ್ನ ಗತಿಗೇಡು. ಕಟ್ಟಡದಲ್ಲಿ ಮೆಸ್ಸು ಬೇಡ ಎಂದು ಎಲ್ಲರೂ ಕೈ ಎತ್ತಿದರು. ಹುಡುಗರು ಕರಾವಳಿಯವರ ಹೋಟೆಲಿನಲ್ಲೇ ಉಳಿದರು. ಕೆಲವು ದಿನ ರಸ್ತೆಯಲ್ಲಿ ಸಿಕ್ಕರೆ "ಕಾಕೂ, ಯಾವಾಗ ಶುರು ಮಾಡ್ತೀ?" ಎನ್ನುತ್ತಿದ್ದರು. ಆಮೇಲೆ ಅವರ ಪರೀಕ್ಷೆಗಳು ಮುಗಿದವು, ಹೊಸ ಹುಡುಗರು ಬಂದರು. ಅವರಿಗೆ ನಾನು ಯಾರೋ.

ಯಜಮಾನರು ಬೈಯಲಿಲ್ಲ. "ಒಂದ ತಾಸು ಹರಿಯಾಕ ಬಿಟ್ಟು ನಾಲ್ಕ ಮಂದಿನ್ನ ಕರೀಬೇಕಿತ್ತು ನೀ" ಎಂದರು ಅಷ್ಟೇ.

"ಬಿಡಾಕ ಆಗಲಿಲ್ರಿ" ಎಂದೆ.

ಮರುವರ್ಷದ ಬೇಸಿಗೆ. ನೀರು ಮತ್ತೆ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ನಮ್ಮ ಬಾಗಿಲ ಮುಂದೆ ಈಗ ಮೂರೇ ಜೊತೆ ಚಪ್ಪಲಿ. ನಾನು ತಾರಸಿಗೆ ಹೋಗಲಿಲ್ಲ, ಗೋಲು ಹಿಡಿಯಲಿಲ್ಲ. ಯಾರು ಏನನ್ನುತ್ತಾರೆ ನೋಡೋಣ ಎಂದು ಕಾದೆ. ಯಾರೂ ಏನೂ ಅನ್ನಲಿಲ್ಲ, ಈ ವರ್ಷ ಬಿಸಿಲು ಹೆಚ್ಚು ಎಂದರು. ಕೊನೆಗೊಂದು ದಿನ ಸೆಕ್ರೆಟರಿ ಬಂದು ಬಾಗಿಲಲ್ಲಿ ನಿಂತರು.

"ವಹಿನಿ, ನಿಮಗೆ ಆ ಟ್ಯಾಂಕಿನದೆಲ್ಲ ಗೊತ್ತಲ್ಲ. ನಮ್ಮ ಸಂಡಾಸಿನಲ್ಲಿ ಏನೋ ದನಿ ಬರುತ್ತದೆ. ಒಂದು ಸಲ ನೋಡುತ್ತೀರಾ?"

ಅರಿಶಿನದ ಡಬ್ಬಿ, ಬಿಳಿ ಬಟ್ಟೆ, ಎರಡು ಪದರ ಅಂಟಿಸಿಟ್ಟಿದ್ದ ಟ್ಯೂಬಿನ ತುಂಡು, ಬ್ಲೇಡು ತೆಗೆದುಕೊಂಡು ಇಳಿದೆ. ಹೋದ ವರ್ಷದ ಪಾಠ ಮರೆತಿರಲಿಲ್ಲ. ಅವರನ್ನು ಒಳಗೇ ಕರೆದು ನಿಲ್ಲಿಸಿಕೊಂಡೆ. ಅವರ ಹೆಂಡತಿಯನ್ನೂ ಕರೆದೆ. ಅವರ ಕಣ್ಣೆದುರಿಗೇ ಅರಿಶಿನ ಹಾಕಿದೆ. ಅವರ ಕಣ್ಣೆದುರಿಗೇ ಬಟ್ಟೆ ಹಳದಿಯಾಯಿತು.

"ನೋಡಿದಿರಲ್ಲ" ಎಂದೆ. "ಮೆಸ್ಸು ಮುಚ್ಚಿ ವರ್ಷವಾಯಿತು. ನೀರು ಹೋಗುವುದು ಇಲ್ಲಿಂದ. ಹೋದ ವರ್ಷ ನಮ್ಮ ಮನೆಯಲ್ಲಿ ಆದದ್ದೂ ಇದೇ."

"ಹೌದು, ಹೌದು" ಎಂದು ಅವರು ಬಗ್ಗಿ ನೋಡಿದರು.

"ಹಾಗಾದರೆ ನನ್ನ ಮೆಸ್ಸು ಮತ್ತೆ ಶುರು ಮಾಡಲೇ?"

ಅವರು ನೆಟ್ಟಗಾದರು. ಕನ್ನಡಕ ಒರೆಸಿಕೊಂಡರು. ಅದೇ ಬೆಣ್ಣೆಯಂಥ ದನಿಯಲ್ಲಿ ಹೇಳಿದರು: "ತೋ ವಿಷಯ ವೇಗಳಾ, ವಹಿನಿ."

ಅದು ಬೇರೆ ವಿಷಯ. ಅವರ ಹೆಂಡತಿ ಚಹಾ ಇಡುತ್ತೇನೆಂದು ಒಳಗೆ ಹೋದರು. ನಾನು ಕತ್ತರಿಸಿದ ಹೊಸ ಬಿಲ್ಲೆ ನನ್ನ ಕೈಯಲ್ಲೇ ಇತ್ತು. ಅದನ್ನು ಅಲ್ಲೇ ಎಸೆದು, ಇದೂ ಬೇರೆ ವಿಷಯ ಎಂದು ಹೇಳಿ ಮೆಟ್ಟಿಲು ಹತ್ತಿಬಿಡಬೇಕು ಎನಿಸಿತು. ಇಂದಿಗೂ ಎನಿಸುತ್ತದೆ. ಆದರೆ ಟ್ಯಾಂಕಿನಲ್ಲಿ ನೀರು ಸೀ ಎನ್ನುತ್ತಿತ್ತು. ಅವರ ಅಡಿಗೆಮನೆಯ ಲಟ್ಟಣಿಗೆ ಕೇಳಿ ತರಿಸಿಕೊಂಡು ಚೆಂಡನ್ನು ಎತ್ತಿ ಕಟ್ಟಿದೆ. ಬಿಲ್ಲೆ ಕೂರಿಸಿದೆ. ಬಟ್ಟೆ ಬಿಳಿಯಾಗಿ ಉಳಿಯುವವರೆಗೆ ಇದ್ದು, ಚಹಾ ಬೇಡವೆಂದು ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ನೀರು ನಿಂತೇನು?"

"ನಿಂತು ಅತ್ತಿ."

"ಮತ್ತ ಮೆಸ್ಸು?"

ನಾನು ಬಚ್ಚಲಿಗೆ ಹೋಗಿ ಕೈಗೆ ಸೋಪು ಹಚ್ಚಿಕೊಂಡೆ. ಸೋಪು ತಾಕಿದ ಕಡೆ ಅರಿಶಿನ ಕೆಂಪಾಯಿತು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗಲಿಲ್ಲ. ಅರ್ಧ ತಂಬಿಗೆಯಲ್ಲಿ ಕೈ ತೊಳೆದು, ದೊಡ್ಡ ಪರಾತವನ್ನು ಪಕ್ಕಕ್ಕೆ ಸರಿಸಿ, ಹಿಂದಿದ್ದ ಸಣ್ಣ ತಾಟು ತೆಗೆದೆ. ಅದರಲ್ಲಿ ಮೂವರಿಗೆ ಆಗುವಷ್ಟು ಹಿಟ್ಟು ಕಲಸಿದೆ.